ತೋಳಿಗೆ ಸಿಕ್ಕಿಸಿದ ಹಳದಿ ಕ್ಲಿಪ್

ಮಗಳು ಮೂರನೆಯ ಡ್ರಾಯರನ್ನೂ ಪೂರ್ತಿ ಹೊರಗೆಳೆದು ಅಡುಗೆ ಕಟ್ಟೆಯ ಮೇಲೆ ಬೋರಲು ಹಾಕಿದಳು. ರಬ್ಬರ್ ಬ್ಯಾಂಡುಗಳು, ಬಾಟಲಿಯ ಮುಚ್ಚಳಗಳು, ಬಗೆಬಗೆಯ ಗುಂಡಿಗಳು, ಒಂದು ಅಳತೆಪಟ್ಟಿ, ಎರಡು ಬೆಂಕಿಪೆಟ್ಟಿಗೆ ಎಲ್ಲ ಬಿದ್ದವು. ಚಹಾ ಸೋಸುವ ಜಾಲರಿ ಮಾತ್ರ ಬೀಳಲಿಲ್ಲ. ಒಲೆಯ ಮೇಲೆ ಚಹಾ ಕುದಿದು ಕುದಿದು ಕಷಾಯವಾಗುತ್ತಿತ್ತು. ಹೊರಗಿನ ಕೋಣೆಯಲ್ಲಿ ಇಪ್ಪತ್ತೈದು ಜನ ಕೂತಿದ್ದರು, ಅವರ ನಡುವೆ ಅಮ್ಮ ಮಲಗಿದ್ದಳು, ಎರಡು ಗಂಟೆಗೆ ವಾಹನ ಬರುವುದಿತ್ತು. ಇಂಥ ಹೊತ್ತಿನಲ್ಲಿ ಒಂದು ಜಾಲರಿಗಾಗಿ ಅಡುಗೆಮನೆಯನ್ನೇ ತಲೆಕೆಳಗು ಮಾಡುತ್ತಿದ್ದೇನಲ್ಲ ಎಂದು ಅವಳಿಗೇ ಅನ್ನಿಸಿತು. ಆದರೂ ಕೈ ನಿಲ್ಲಲಿಲ್ಲ. ಕೈ ನಿಂತರೆ ಹೊರಗೆ ಹೋಗಿ ಅಮ್ಮನ ಪಕ್ಕ ಕೂರಬೇಕಾಗುತ್ತಿತ್ತು.

"ಪರದೆ ಹಿಂದೆ ನೋಡಿ, ಕಿಟಕಿ ಸರಳಿಗೆ ನೇತಾಡ್ತಿರತ್ತೆ," ಎಂದಿತು ಬಾಗಿಲಲ್ಲಿ ಒಂದು ದನಿ.

ಪರದೆ ಸರಿಸಿದರೆ ಜಾಲರಿ ಅಲ್ಲೇ ಆರಾಮವಾಗಿ ಬಿಸಿಲು ಕಾಯಿಸುತ್ತಿತ್ತು. ಬಾಗಿಲಲ್ಲಿ ನಿಂತಿದ್ದವಳು ಕೆಲಸದ ಬಟ್ಟೆಯಲ್ಲೇ ಬಂದಿದ್ದ ಒಬ್ಬ ದಾದಿ. ಆಕೆಯನ್ನು ಹಿಂದೆಂದೂ ನೋಡಿದ ನೆನಪಿರಲಿಲ್ಲ.

"ನಿಮಗೆ ಹೇಗೆ ಗೊತ್ತು?"

"ಅಮ್ಮ ಬರೆದಿದ್ರಲ್ಲ. ಒದ್ದೆ ಜಾಲರಿ ಡ್ರಾಯರಿಗೆ ತುರುಕಿದ್ರೆ ವಾಸನೆ ಬರತ್ತೆ, ಬಿಸಿಲು ಬೀಳೋ ಕಿಟಕಿಗೆ ನೇತು ಹಾಕಿ ಅಂತ. ನಮ್ಮನೇಲೂ ಈಗ ಅಲ್ಲೇ." ದಾದಿ ಕಟ್ಟೆಯ ಮೇಲಿನ ರಾಶಿಯನ್ನು ನೋಡಿದಳು, ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಕಣ್ಣರಳಿಸಿದಳು. "ಅಯ್ಯೋ, ನೀವೇ ಅಲ್ವಾ ಗಡಿಬಿಡಿ?"

ಮಗಳಿಗೆ ನಲವತ್ತೆಂಟು ವರ್ಷ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜು ಅವಳದು. ದಿನವಿಡೀ ಜನರಿಗೆ ಫೋನ್ ಮಾಡಿ ನಾಳೆ ಹನ್ನೊಂದಕ್ಕೆ ಬರಬೇಕು, ಮರೀಬೇಡಿ ಎಂದು ನೆನಪಿಸುವ ಕೆಲಸ. ಅಲ್ಲಿ ಅವಳನ್ನು ಎಲ್ಲರೂ ಮೇಡಂ ಅನ್ನುತ್ತಾರೆ. ಅಮ್ಮ ಪಕ್ಕದ ಕೋಣೆಯಲ್ಲಿ ಕೊನೆಯ ಸಲ ಮಲಗಿರುವ ದಿನವೂ ಈ ಹೆಸರು ಬೆನ್ನು ಬಿಡುವುದಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

"ಹೌದು, ನಾನೇ," ಎಂದಳು. ಚಹಾ ಸೋಸುವಾಗ ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ದಾದಿ ನಗು ತಡೆದುಕೊಂಡಳು.

ಇಪ್ಪತ್ತೆರಡು ವರ್ಷದಿಂದ ಅಮ್ಮ ಒಂದು ವಾರಪತ್ರಿಕೆಗೆ 'ಮನೆಗೊಂದು ಉಪಾಯ' ಎಂದು ಬರೆಯುತ್ತಿದ್ದಳು. ಉಳಿದ ಬ್ರೆಡ್ಡನ್ನು ಮೂರು ಬಗೆಯಲ್ಲಿ ಮುಗಿಸುವುದು, ಸವೆದ ಕಾಲರನ್ನು ತಿರುವಿ ಹೊಲಿಯುವುದು, ಇರುವ ನಾಲ್ಕು ಅಂಗಿಗಳಲ್ಲೇ ವಾರವಿಡೀ ಬೇರೆಬೇರೆಯಾಗಿ ಕಾಣುವುದು, ಹತ್ತು ನಿಮಿಷದ ಸೂಪು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ನು ಹಿಡಿದು ಬರೆದದ್ದು. ಪ್ರತಿ ಬರಹವೂ ಶುರುವಾಗುತ್ತಿದ್ದದ್ದು ಒಂದೇ ರೀತಿ: 'ನಮ್ಮ ಮನೆಯ ಗಡಿಬಿಡಿ ಈ ವಾರ ಏನು ಮಾಡಿದಳು ಗೊತ್ತೇ?' ಆಮೇಲೆ ಮಗಳ ಎಡವಟ್ಟು, ಆಮೇಲೆ ಅಮ್ಮನ ಉಪಾಯ. ಓದುವವರಿಗೆ ಉಪಾಯ ಬೇಕಿತ್ತೋ ಗಡಿಬಿಡಿ ಬೇಕಿದ್ದಳೋ, ದೇವರಿಗೇ ಗೊತ್ತು.

*

ಆರು ವರ್ಷದ ಹಿಂದೆ ಮಗಳ ಮನೆಗೆ ದಂತವೈದ್ಯರು ಹೆಂಡತಿಯ ಜೊತೆ ಊಟಕ್ಕೆ ಬಂದಿದ್ದರು. ಅವತ್ತು ಅವಳು ಮಾಡಿದ ಕೇಕು ಒಲೆಯಿಂದ ಹೊರಗೆ ಬಂದದ್ದೇ ನಡುವಿನಿಂದ ಕುಸಿದು ಕೂತಿತು. ಫೋನಿನಲ್ಲಿ ಅಳುತ್ತಿದ್ದವಳಿಗೆ ಅಮ್ಮ ಗದರಿದಳು.

"ಅಳೋದು ಆಮೇಲೆ. ಗಾಜಿನ ಬಟ್ಟಲು ಇದ್ಯಾ? ಅದನ್ನ ಪುಡಿ ಮಾಡಿ ಬಟ್ಟಲಿಗೆ ಹಾಕು. ಮೇಲೆ ಹಣ್ಣು, ಅದರ ಮೇಲೆ ಕೆನೆ. ಹೆಸರು ಕೇಳಿದ್ರೆ ಏನಾದ್ರೂ ಹೇಳು, ಉದ್ದಕ್ಕೆ ಹೇಳು."

ಅವಳು ಉದ್ದಕ್ಕೆ ಒಂದು ಹೆಸರು ಹೇಳಿದಳು. ವೈದ್ಯರ ಹೆಂಡತಿ ಎರಡು ಸಲ ಹಾಕಿಸಿಕೊಂಡು ತಿಂದರು, ಮಾಡುವ ವಿಧಾನ ಬರೆದುಕೊಂಡು ಹೋದರು. ಮುಂದಿನ ಗುರುವಾರ ಪತ್ರಿಕೆಯಲ್ಲಿ ಕುಸಿದ ಕೇಕಿನ ಕತೆ ಉದ್ದಗಲಕ್ಕೂ ಬಂತು. ಶುಕ್ರವಾರ ಕ್ಲಿನಿಕ್ಕಿನಲ್ಲಿ ವೈದ್ಯರು ರೋಗಿಯ ಬಾಯೊಳಗೆ ಕೈಯಿಟ್ಟುಕೊಂಡೇ ನಗುತ್ತಿದ್ದರು.

"ನನ್ನ ಮಾನ ಹರಾಜು ಹಾಕೋಕೆ ನಿಂಗೆ ಪತ್ರಿಕೇನೇ ಬೇಕಿತ್ತಾ? ಇನ್ನು ಮೇಲೆ ನೀನು ಬರೆದಿದ್ದು ಒಂದಕ್ಷರ ಓದಲ್ಲ ನಾನು."

"ಓದದೇ ಇರ್ತೀಯಾ? ನೋಡೋಣ," ಎಂದು ಅಮ್ಮ ನಕ್ಕಿದ್ದಳು.

ಗಡಿಬಿಡಿ ಎಲ್ಲವನ್ನೂ ಮರೆಯುವವಳು. ಆ ಮಾತನ್ನು ಮಾತ್ರ ಆರು ವರ್ಷ ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದಳು.

*

ಚಹಾದ ತಟ್ಟೆ ಹಿಡಿದು ಹೊರಗೆ ಬಂದರೆ ಚಿಕ್ಕಮ್ಮ ಅಮ್ಮನ ತಲೆಯ ಹತ್ತಿರ ಕೂತಿದ್ದಳು. ಅಮ್ಮನ ತಂಗಿ, ಅಮ್ಮನಷ್ಟೇ ಕುಳ್ಳಿ, ಅಮ್ಮನ ಹಾಗೇ ನೆಟ್ಟಗೆ ಕೂರುವವಳು.

"ಬೆಳಿಗ್ಗೆಯಿಂದ ಕಾಲಿಗೆ ಚಕ್ರ ಕಟ್ಕೊಂಡಿದೀಯಲ್ಲೇ. ಒಂದು ನಿಮಿಷ ಇಲ್ಲಿ ಕೂತ್ಕೋ."

"ಕಪ್ಪು ಸಾಲಲ್ಲ ಚಿಕ್ಕಮ್ಮ, ತರ್ತೀನಿ," ಎಂದು ಅವಳು ನಿಂತೇ ಇದ್ದಳು.

ಅಮ್ಮನಿಗೆ ನೀಲಿ ಅಂಗಿ ತೊಡಿಸಿದ್ದರು. ಕಾಲರು ಎರಡು ಸಲ ತಿರುವಿ ಹೊಲಿದದ್ದು, ಆದರೂ ಅಂಗಡಿಯಿಂದ ಈಗ ತಂದ ಹಾಗಿತ್ತು. ನಿನ್ನೆ ಮಧ್ಯಾಹ್ನ ಅಮ್ಮ ಊಟದ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದಳು. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದ್ದರು. ಇವತ್ತು ಬೆಳಿಗ್ಗೆ ಬಟ್ಟೆ ಬದಲಿಸುವಾಗ ಹಳೆಯ ಅಂಗಿಯ ತೋಳಿಗೆ ಬಟ್ಟೆ ಒಣಹಾಕುವ ಹಳದಿ ಕ್ಲಿಪ್ಪೊಂದು ಕಚ್ಚಿಕೊಂಡಿತ್ತು. "ಇದ್ಯಾಕೆ ಇಲ್ಲಿ?" ಎಂದು ಚಿಕ್ಕಮ್ಮ ಕೇಳಿದ್ದಕ್ಕೆ "ಅದೊಂದು ಅವಳ ಹೊಸ ಶೋಕಿ" ಎಂದು ಮಗಳು ಅದನ್ನು ಕಿತ್ತು ತನ್ನ ಜೇಬಿಗೆ ಹಾಕಿಕೊಂಡಿದ್ದಳು.

ಬಂದವರಲ್ಲಿ ಹೆಚ್ಚಿನವರು ನೆಂಟರಲ್ಲ, ಓದುಗರು. ಕಣ್ಣೊರೆಸಿಕೊಳ್ಳುತ್ತಲೇ ಉಪಾಯಗಳನ್ನು ಹೇಳಿಕೊಳ್ಳುತ್ತಿದ್ದರು.

"ಹೆಂಡ್ತಿ ಹೋದ್ಮೇಲೆ ನಾನು ಅಡುಗೆ ಕಲ್ತಿದ್ದೇ ಇವರದನ್ನ ಓದಿ," ಎಂದರು ಶಾಲೆಯ ಬಸ್ಸು ಓಡಿಸುವ ಡ್ರೈವರು. "ಅನ್ನ ತಳ ಹಿಡಿದ್ರೆ ಮೇಲೊಂದು ಬ್ರೆಡ್ ಚೂರು ಇಟ್ಟು ಮುಚ್ಚಿ, ಸುಟ್ಟ ವಾಸನೆ ಎಳ್ಕೊಳತ್ತೆ ಅಂತ ಬರೆದಿದ್ರು. ನಮ್ಮನೇಲಿ ಬ್ರೆಡ್ಡು ತಿನ್ನೋದಕ್ಕಿಂತ ಅನ್ನದ ಮೇಲೆ ಇಡೋಕೇ ಜಾಸ್ತಿ ಬೇಕಾಗತ್ತೆ."

ಕೋಣೆಯಲ್ಲಿ ಮೆಲ್ಲಗೆ ನಗು ಹರಿಯಿತು. ಓದುಗರ ನಡುವೆ ಕೂತಿದ್ದ ಬೇಕರಿಯಾಕೆಗೂ ಧೈರ್ಯ ಬಂತು.

"ಅದೆಲ್ಲ ಬಿಡಿ. ಗಡಿಬಿಡಿ ಹಾಲಿನ ಪಾತ್ರೆ ಬಟ್ಟೆ ಬೀರುವಿನಲ್ಲಿಟ್ಟು ಮೂರು ದಿನ ಮನೆಯೆಲ್ಲ ಮೂಸ್ಕೊಂಡು ಓಡಾಡಿದ್ದು! ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು ನಮಗೆ."

"ನಾನು ಹಾಗೆ ಮಾಡಿಲ್ಲ," ಎಂದಳು ಮಗಳು.

"ನೀವು ಹೀಗೇ ಹೇಳ್ತೀರ ಅಂತ ಅದರಲ್ಲೇ ಬರೆದಿದ್ರು!"

"ಉಪ್ಪಿಂದು?" ಎಂದಳು ದಾದಿ. "ಒಂದೇ ಸೂಪಿಗೆ ಮೂರು ಸಲ ಉಪ್ಪು. ಅದಕ್ಕೇ ಉಪ್ಪು ಹಾಕಿದ ಕೂಡ್ಲೇ ಚಮಚಾನ ಮುಚ್ಚಳದ ಮೇಲೆ ಬೋರಲು ಇಡಿ, ಬೋರಲಿದ್ರೆ ಉಪ್ಪು ಬಿದ್ದಿದೆ ಅಂತ ಅರ್ಥ ಅಂದಿದ್ರು. ನಾನು ಆಸ್ಪತ್ರೇಲೂ ಔಷಧಿ ಕೊಟ್ಟಮೇಲೆ ಲೋಟ ಬೋರಲು ಇಡ್ತೀನಿ."

"ಅದೂ ನಾನಲ್ಲ."

"ಒಂದೇ ತಿಂಗಳಲ್ಲಿ ಮೂರು ಸಲ ಬೀಗದಕೈ ಒಳಗೇ ಬಿಟ್ಟು ಬಾಗಿಲು ಹಾಕ್ಕೊಂಡಿದ್ದು?" ಎಂದಳು ಬೇಕರಿಯಾಕೆ.

"ನಾನಿರೋ ಮನೆ ಬಾಗಿಲಿಗೆ ತಾನಾಗಿ ಬೀಗ ಬೀಳೋದೇ ಇಲ್ಲ."

ಎಲ್ಲರೂ ಇನ್ನಷ್ಟು ನಕ್ಕರು. ಗಡಿಬಿಡಿ ಒಪ್ಪಿಕೊಳ್ಳದೆ ಇರುವುದು ಅವರಿಗೆ ಕತೆಯ ಮುಂದಿನ ಭಾಗದ ಹಾಗೆ ರುಚಿಸುತ್ತಿತ್ತು. ಡ್ರೈವರು ಮಾತ್ರ ಕಪ್ಪು ಕೆಳಗಿಟ್ಟು ಹೇಳಿದರು.

"ಒಂದು ಸಲ ದಿನಾ ಹೋಗೋ ಮಾರ್ಕೆಟ್ಟಿಂದ ವಾಪಸ್ ಬರೋವಾಗ ದಾರೀನೇ ತಪ್ಪಿ, ಹಣ್ಣಿನಂಗಡಿಯವನ ಹತ್ರ ತನ್ನ ಮನೆ ಯಾವುದು ಅಂತ ಕೇಳಿದ್ಲಂತೆ. ಅದಕ್ಕೆ ಚೀಲದ ಒಳಗೊಂದು ಚೆಂದದ ಜೇಬು ಹೊಲಿದು ಅದರಲ್ಲಿ ವಿಳಾಸ ಇಡಿ ಅಂತ ಬರೆದಿದ್ರು. ಅದನ್ನ ಓದಿ ನಂಗೆ ನಗು ಬರಲಿಲ್ಲ ನೋಡಿ. ನಿಮಗೆ ಏನಾದ್ರೂ ಮರೆವಿನ ಕಾಯಿಲೆ ಇದ್ಯೇನೋ ಅಂತ ಅಯ್ಯೋ ಅನ್ನಿಸಿತ್ತು."

"ಇದೆಲ್ಲ ಯಾವಾಗ ಬರೆದಿದ್ದು?"

"ಇತ್ತೀಚೆಗೆ. ಒಂದೆರಡು ವರ್ಷದಲ್ಲಿ."

ಬರೆಯಲು ಏನೂ ಸಿಗದೆ ಎಲ್ಲ ಸುಳ್ಳನ್ನೂ ನನ್ನ ತಲೆಗೆ ಕಟ್ಟಿದ್ದಾಳೆ ಎಂದು ಮಗಳಿಗೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡರೆ ಅದನ್ನು ಎಲ್ಲಿ ಇಳಿಸುವುದು? ಕೈಯಲ್ಲಿದ್ದ ತಟ್ಟೆಯನ್ನು ಚಿಕ್ಕಮ್ಮನ ಮಡಿಲಿಗೆ ಕೊಟ್ಟು, ಕೆಳಗಿನ ಮನೆಯಿಂದ ಕಪ್ಪು ತರುತ್ತೇನೆಂದು ಮೆಟ್ಟಿಲಿಳಿದಳು. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಜೇಬಿನಲ್ಲಿ ಕ್ಲಿಪ್ಪು ತೊಡೆಗೆ ಚುಚ್ಚಿತು.

*

ಹಿಂದಿನ ತಿಂಗಳ ಭಾನುವಾರ ಬಂದಾಗಲೂ ಇದೇ ಹಳದಿ ಕ್ಲಿಪ್ಪು ಅಮ್ಮನ ತೋಳಿನ ಮೇಲಿತ್ತು.

"ಇದೇನಮ್ಮಾ? ಬಟ್ಟೆ ಒಣಹಾಕೋ ಹಗ್ಗ ಆಗಿದೀಯಾ?"

"ಇರ್ಲಿ ಬಿಡೇ," ಎಂದು ಅಮ್ಮ ಅದರ ಮೇಲೆ ಅಂಗೈ ಮುಚ್ಚಿಕೊಂಡಳು.

"ಊರಿಗೆಲ್ಲ ಅಂದವಾಗಿ ಬಟ್ಟೆ ಹಾಕ್ಕೊಳ್ಳೋದು ಹೇಳಿಕೊಡೋಳು ನೀನು. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ತೆಗಿ." ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕ್ಲಿಪ್ಪನ್ನು ಕಿತ್ತು, ಬುಟ್ಟಿಗೆ ಎಸೆದಳು. ಅವಳಿಗೆ ಮೂರೂವರೆಯ ಬಸ್ಸು ಹಿಡಿಯಬೇಕಿತ್ತು.

ಅಮ್ಮ ಒಂದು ಕ್ಷಣ ಬರಿದಾದ ತೋಳನ್ನು ನೋಡಿಕೊಂಡಳು. ಆಮೇಲೆ ಮಗಳಿಗೆ ಹೊಸ ಪರದೆ ತೋರಿಸಿದಳು, ಹಳೆಯ ಅಂಗಿಯಿಂದ ಮಾಡಿದ ದಿಂಬಿನ ಹೊದಿಕೆ ತೋರಿಸಿದಳು. ಕಾಲು ಗಂಟೆಯಲ್ಲಿ ಅಡುಗೆಮನೆಯಿಂದ ಹೊಗೆ ಬಂತು. ಸೂಪಿನ ಪಾತ್ರೆ ತಳದವರೆಗೂ ಕರಕಲಾಗಿತ್ತು.

"ಒಲೆ ಮೇಲೆ ಇಟ್ಟಿದ್ದು ಹೇಳೋಕೇನು ನಿಂಗೆ!" ಎಂದು ಮಗಳು ಕೂಗಾಡಿದಳು.

"ನೀನು ಬಂದ್ರೆ ನಮ್ಮನೆ ಒಲೆಗೂ ಗಡಿಬಿಡಿ ಅಂಟ್ಕೊಳತ್ತೆ," ಎಂದಳು ಅಮ್ಮ. ನಕ್ಕೇ ಹೇಳಿದಳು. ಆದರೆ ಪಾತ್ರೆ ಉಜ್ಜುವಾಗ ಮತ್ತೆ ಮತ್ತೆ ಒಲೆಯ ಕಡೆ ತಿರುಗಿ ನೋಡಿದಳು, ಮಗಳು ಆಗ ಗಡಿಯಾರ ನೋಡುತ್ತಿದ್ದಳು.

*

ಕೆಳಗಿನ ಮನೆಯ ಮುಂದಿನ ಕೋಣೆಯೇ ಟೈಲರ ಅಂಗಡಿ. ಅವರಿಗೆ ಎಪ್ಪತ್ತಾಗಿದೆ, ಕನ್ನಡಕ ಮೂಗಿನ ತುದಿಯಲ್ಲಿ. ನಿನ್ನೆ ಅಮ್ಮನನ್ನು ಮೊದಲು ನೋಡಿದವರು ಅವರೇ. ಒಂದು ಡಜನ್ ಕಪ್ಪುಗಳನ್ನು ತೊಳೆದು, ಒರೆಸಿ, ಇಸ್ತ್ರಿ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದರು.

"ತಗೊಂಡು ಹೋಗಮ್ಮಾ. ನಾನು ಮೇಲೆ ಬರೋಣ ಅಂತ ಎರಡು ಸಲ ಎದ್ದೆ. ಕಾಲು ಬರ್ತಾ ಇಲ್ಲ."

"ನೀವೇ ನೋಡಿದ್ದಲ್ವಾ. ಬಾಗಿಲು ಹೇಗೆ ತೆಗೆದ್ರಿ?"

"ಇನ್ನೊಂದು ಬೀಗದಕೈ ನನ್ನ ಹತ್ರಾನೇ ಇತ್ತಲ್ಲ. ಅಕ್ಕಾವ್ರು ಆಗಾಗ ಹೊರಗೇ ಉಳ್ಕೊಂಡುಬಿಡೋರು. ನಿನ್ನೆ ಹೊಗೆ ವಾಸನೆ ಬಂತು, ಓಡಿ ಹೋದೆ. ಕುರ್ಚೀಲಿ ಕಣ್ಮುಚ್ಕೊಂಡು ಕೂತಿದ್ರು. ನಿದ್ದೆ ಅಂದ್ಕೊಂಡೆ. ತೋಳಲ್ಲಿ ಕ್ಲಿಪ್ಪಿತ್ತು, ಅದನ್ನ ನೋಡಿ ಮೊದಲು ಒಲೆ ಹತ್ರ ಓಡ್ದೆ. ಆರಿಸಿ ಬಂದು ಕರೆದ್ರೆ…" ಅವರು ಕನ್ನಡಕ ತೆಗೆದು ಒರೆಸಿದರು.

"ಕ್ಲಿಪ್ಪು ನೋಡಿ ಒಲೆ ಹತ್ರ ಯಾಕೆ?"

ಟೈಲರು ಅವಳನ್ನು ವಿಚಿತ್ರವಾಗಿ ನೋಡಿದರು. "ಅದೇ ಅಲ್ವಾ ಅವರ ಉಪಾಯ? ಒಲೆ ಹಚ್ಚಿದಾಗ ತೋಳಿಗೆ ಕ್ಲಿಪ್ಪು ಸಿಕ್ಕಿಸ್ಕೋಬೇಕು, ಆರಿಸಿದ ಮೇಲೇ ತೆಗೀಬೇಕು. ನೀನು ಓದಿಲ್ವಾ?"

ಅವರು ಬಗ್ಗಿ ಮೇಜಿನ ಕೆಳಗಿಂದ ಕಾಗದದ ಕಟ್ಟೊಂದನ್ನು ಎಳೆದರು. ಅಮ್ಮ ಓದಿ ಮುಗಿಸಿದ ಪತ್ರಿಕೆಗಳೆಲ್ಲ ಅವರಿಗೆ ಬರುತ್ತಿದ್ದವು, ಅವರು ಅದರಲ್ಲಿ ಅಳತೆಯ ಕಾಗದ ಕತ್ತರಿಸುತ್ತಿದ್ದರು. ಒಂದು ಕಾಲರು, ಒಂದು ಬೆನ್ನು, ಮಗುವಿನ ಅಂಗಿಯ ಎದೆಭಾಗ. ಹುಡುಕಿ ಹುಡುಕಿ ತೋಳಿನ ಆಕಾರದ ಒಂದು ತುಂಡನ್ನು ಅವಳ ಕೈಗೆ ಕೊಟ್ಟರು.

ಸಾಲುಗಳ ತುದಿ ಕತ್ತರಿಗೆ ಹೋಗಿದ್ದವು. ಇದ್ದಷ್ಟನ್ನು ಓದಿದಳು. 'ನಮ್ಮ ಮನೆಯ ಗಡಿಬಿಡಿ ಈ ವಾರ ಒಲೆ ಹಚ್ಚಿಟ್ಟು ಮಾರ್ಕೆಟ್ಟಿಗೆ ಹೋ… ಒಂದು ಸಲವಲ್ಲ, ಎರಡು ಸಲ. ಬೈದರೆ ಏನು ಬಂತು? ಪಾಪ, ಅವಳಿಗೂ ಭಯವಾಗಿ… ಮನೆಯಲ್ಲಿ ಹಳದಿ ಬಣ್ಣದ ಕ್ಲಿಪ್ ಇದ್ದರೆ ಒಳ್ಳೆಯದು, ಮಂಕುಗಣ್ಣಿಗೂ ಕಾಣು… ಯಾರಾದರೂ ನಕ್ಕರೆ ನಗಲಿ.'

ಅವಳು ಆ ತೋಳನ್ನು ಎರಡು ಸಲ ಓದಿದಳು. ಹಾಲು, ಉಪ್ಪು, ಬೀಗದಕೈ, ಮನೆಯ ದಾರಿ ಎಲ್ಲವೂ ಒಂದರ ಹಿಂದೊಂದು ಬಂದು ನಿಂತವು.

"ಇದು ನಾನಲ್ಲ," ಎಂದಳು, ಮೆಲ್ಲಗೆ.

"ನೀನಲ್ಲಮ್ಮಾ. ಅಷ್ಟೂ ನಂಗೆ ಗೊತ್ತಿಲ್ವಾ?" ಎಂದರು ಟೈಲರು. "ಮಗಳಿಗೆ ಹೇಳಿ ಅಕ್ಕಾವ್ರೇ, ಡಾಕ್ಟರಿಗೆ ತೋರಿಸ್ತಾಳೆ ಅಂತ ನಾನೇ ಎಷ್ಟೋ ಸಲ ಅಂದೆ. 'ಪ್ರತಿ ವಾರ ಹೇಳ್ತಾನೇ ಇದೀನಲ್ಲ' ಅನ್ನೋರು. ನೀನು ಓದಿ, ಗೊತ್ತಿದ್ದೇ ಸುಮ್ಮನಿದೀಯ ಅಂದ್ಕೊಂಡಿದ್ದೆ."

ಕಪ್ಪುಗಳನ್ನು ಅಲ್ಲೇ ಬಿಟ್ಟು ಹೊರಟವಳನ್ನು ಟೈಲರೇ ಕರೆದು, ಅವನ್ನು ತಟ್ಟೆಯಲ್ಲಿ ಜೋಡಿಸಿ ಕೈಗಿತ್ತರು.

ಮೇಲೆ ಅಡುಗೆಮನೆಯಲ್ಲಿ ಚಿಕ್ಕಮ್ಮ ಡ್ರಾಯರಿನ ರಾಶಿಯನ್ನು ಒಳಗೆ ತುಂಬುತ್ತಿದ್ದಳು. ಮಗಳು ತೋಳಿನ ಕಾಗದವನ್ನು ಅವಳಿಗೆ ಕೊಟ್ಟು, ಕ್ಲಿಪ್ಪಿನ ಸಂಗತಿಯನ್ನೂ ಟೈಲರು ಹೇಳಿದ್ದನ್ನೂ ಹೇಳಿದಳು. ಚಿಕ್ಕಮ್ಮ ಓದಿ, ಕಟ್ಟೆಗೆ ಒರಗಿ ನಿಂತುಬಿಟ್ಟಳು.

"ನಂಗೂ ಗೊತ್ತಿರಲಿಲ್ವೇ. ನಾನೂ ಎಲ್ಲರ ಹಾಗೆ ನಿನ್ನ ಮೇಲೇ ನಕ್ಕೆ." ಕಾಗದವನ್ನು ಮಡಚುತ್ತ ಅಂದಳು: "ಗುರುವಾರ ನಾನು ಬಂದ್ರೆ ಅವಳು ಫೋನ್ ಬಿಟ್ಟು ಏಳ್ತಿರಲಿಲ್ಲ. ಯಾಕೆ ಅಂದ್ರೆ, 'ಇವತ್ತು ಪತ್ರಿಕೆ ಬಂದಿದೆಯಲ್ಲ, ನಾನೆಲ್ಲಿ ಹಾಗೆ ಮಾಡಿದ್ದೆ ಅಂತ ಅವಳು ಜಗಳಕ್ಕೆ ಬರ್ತಾಳೆ ನೋಡ್ತಾ ಇರು' ಅನ್ನೋಳು. ತಮಾಷೆ ಅಂದ್ಕೊಂಡಿದ್ದೆ."

ಮಗಳು ಕಟ್ಟೆಯ ಅಂಚನ್ನು ಹಿಡಿದುಕೊಂಡಳು. ಒಂದು ಜಗಳ. ಬಾಯಿ ತುಂಬ ಬೈದು ಒಂದು ಫೋನು ಮಾಡಿದ್ದರೆ ಸಾಕಿತ್ತು. ನಾನಲ್ಲ ಎಂದಿದ್ದರೆ ಅಮ್ಮ ಹಾಗಾದರೆ ಯಾರು ಹೇಳು ಎನ್ನುತ್ತಿದ್ದಳು. ಅಲ್ಲಿಂದ ಮುಂದೆ ಮಾತು ತಾನೇ ಬರುತ್ತಿತ್ತು. ಊರಿನವರಿಗೆಲ್ಲ ಮರೀಬೇಡಿ ಮರೀಬೇಡಿ ಎಂದು ನೂರಾರು ಸಲ ಫೋನು ಮಾಡಿದವಳು ತಾನು. ಅವಳಿಗೆ ಅಳು ಬಂತು. ಮುಖ ಮುಚ್ಚಿಕೊಳ್ಳಲು ಕೈಗೆ ಸಿಕ್ಕಿದ್ದು ಒರೆಸುವ ಬಟ್ಟೆ, ಅದಕ್ಕೂ ಅಮ್ಮ ಅಂಚು ಹೊಲಿದಿದ್ದಳು.

"ಇನ್ನೂ ಹತ್ತು ಜನ ಬಂದಿದಾರೆ," ಎಂದು ದಾದಿ ಬಾಗಿಲಲ್ಲಿ ಇಣುಕಿದಳು. "ಚಹಾ ಏನಾದ್ರೂ ಇದ್ರೆ…"

"ಮಾಡ್ತೀನಿ," ಎಂದು ಮಗಳು ಮುಖ ಒರೆಸಿಕೊಂಡಳು. ಹಾಲಿನ ಪಾತ್ರೆ ಇಟ್ಟು ಒಲೆ ಹಚ್ಚಿದಳು. ಜೇಬಿನಿಂದ ಹಳದಿ ಕ್ಲಿಪ್ಪು ತೆಗೆದು, ಚಿಕ್ಕಮ್ಮ ನೋಡುತ್ತಿದ್ದ ಹಾಗೇ, ತನ್ನ ತೋಳಿಗೆ ಸಿಕ್ಕಿಸಿಕೊಂಡಳು.

ಅಷ್ಟರಲ್ಲಿ ಕೆಳಗೆ ವಾಹನದ ಸದ್ದಾಯಿತು. ಎರಡಾಗಲು ಇನ್ನೂ ಹತ್ತು ನಿಮಿಷವಿತ್ತು, ಆದರೆ ಬೀದಿ ಕಿರಿದು, ಹೆಚ್ಚು ಹೊತ್ತು ನಿಲ್ಲಿಸುವ ಹಾಗಿಲ್ಲವೆಂದು ವಾಹನದವನು ಕೂಗಿದ. ಎಲ್ಲರೂ ಒಟ್ಟಿಗೆ ಎದ್ದರು. ಮೆಟ್ಟಿಲು ತಿರುವಿನಲ್ಲಿ ಇಕ್ಕಟ್ಟು, ಕಾಲು ಮೊದಲೋ ತಲೆ ಮೊದಲೋ ಎಂದು ಗೊಂದಲ. ಮಗಳು ಸ್ಟ್ರೆಚರಿನ ಒಂದು ಮೂಲೆ ಹಿಡಿದಿದ್ದಳು. ಶಾಲೆ ಬಸ್ಸಿನ ಡ್ರೈವರು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ "ನಿಧಾನ, ನಿಧಾನ" ಎಂದು ದಾರಿ ಹೇಳಿದರು. ಅಮ್ಮ ಹಗುರವಾಗಿದ್ದಳು. ಅವಳು ಇಷ್ಟು ಹಗುರವಾದದ್ದು ಯಾವಾಗ ಎಂದು ಮಗಳಿಗೆ ಗೊತ್ತಿರಲಿಲ್ಲ.

ವಾಹನದೊಳಗೆ ಅಮ್ಮನನ್ನು ಇಟ್ಟು ಕೈ ಬಿಡಿಸಿಕೊಳ್ಳುವಾಗ ಅವಳಿಗೆ ತನ್ನ ತೋಳು ಕಂಡಿತು. ಹಳದಿ.

"ಒಲೆ!" ಎಂದು ಓಡಿದಳು.

"ಎಲ್ಲಿಗೆ ಹೋದ್ಲು?"

"ಗಡಿಬಿಡಿ ಅಲ್ವಾ," ಎಂದು ಬೇಕರಿಯಾಕೆ ಕಣ್ಣೀರಿನಲ್ಲೇ ಹೇಳಿದಳು, "ಏನೋ ಮರೆತಿರ್ತಾಳೆ."

ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಬಾಗಿಲು ಹಾರುಹೊಡೆದಿತ್ತು, ಹೊರಗಿನ ಕೋಣೆ ಖಾಲಿ, ಕುಡಿದಿಟ್ಟ ಕಪ್ಪುಗಳು ನೆಲದ ತುಂಬ. ಹಾಲು ಪಾತ್ರೆಯ ಕಂಠದವರೆಗೆ ಉಬ್ಬಿ ಬಂದಿತ್ತು. ಒಲೆ ಆರಿಸಿದಳು. ಹಾಲು ಮೆಲ್ಲಗೆ ಇಳಿಯಿತು, ಒಂದು ಹನಿಯೂ ಚೆಲ್ಲಲಿಲ್ಲ. ಅವಳು ಪಾತ್ರೆಗೆ ಮುಚ್ಚಳ ಮುಚ್ಚಿದಳು. ಜಾಲರಿಯನ್ನು ತೊಳೆದು ಕಿಟಕಿಯ ಸರಳಿಗೆ ನೇತು ಹಾಕಿದಳು. ಕೆಳಗಿನಿಂದ ಹಾರ್ನ್ ಕೇಳಿಸಿತು. ಬೀಗದಕೈ ಕೈಯಲ್ಲಿದೆಯೇ ಎಂದು ನೋಡಿಕೊಂಡು ಬಾಗಿಲು ಎಳೆದಳು.

ವಾಹನದಲ್ಲಿ ಅಮ್ಮನ ಪಕ್ಕದ ಬೆಂಚಿನಲ್ಲಿ ಚಿಕ್ಕಮ್ಮ ಜಾಗ ಬಿಟ್ಟುಕೊಟ್ಟಳು. ಬೆಳಿಗ್ಗೆಯಿಂದ ಮೊದಲ ಸಲ ಮಗಳು ಕೂತಳು. ಏದುಸಿರು ಬರುತ್ತಿತ್ತು. ವಾಹನ ಬೀದಿಯ ತಿರುವು ದಾಟಿತು, ಮಾರ್ಕೆಟ್ಟು ದಾಟಿತು, ಹಣ್ಣಿನಂಗಡಿಯವನು ಎದ್ದು ನಿಂತ.

"ಒಲೆ ಆರಿಸಿದ್ಯಲ್ಲ?" ಎಂದು ಚಿಕ್ಕಮ್ಮ ಕೇಳಿದಳು.

"ಆರಿಸಿದೆ."

"ಮತ್ತೆ ಇದ್ಯಾಕೆ ಇನ್ನೂ?" ಎಂದು ಚಿಕ್ಕಮ್ಮ ಕ್ಲಿಪ್ಪು ತೆಗೆಯಲು ಕೈ ಚಾಚಿದಳು.

"ಇರ್ಲಿ ಬಿಡು," ಎಂದು ಅವಳು ಅದರ ಮೇಲೆ ಅಂಗೈ ಮುಚ್ಚಿಕೊಂಡಳು.